ಗುತ್ತಿಗೆ ನಿಂತಿತು, ಬೇಲಿ ಉಳಿಯಿತು: ಬೆಂಗಳೂರಿನ ಕೆರೆಗಳ ಒಂದು ಪ್ರಕರಣ ಅಧ್ಯಯನ

2004ರ ಸುಮಾರಿಗೆ ಕರ್ನಾಟಕದ ಕೆರೆ ಅಭಿವೃದ್ಧಿ ಪ್ರಾಧಿಕಾರವು ಬೆಂಗಳೂರಿನ ಕೆಲವು ಕೆರೆಗಳನ್ನು ನಿರ್ವಹಣೆಯ ಹೆಸರಿನಲ್ಲಿ ಖಾಸಗಿ ಸಂಸ್ಥೆಗಳಿಗೆ ಹದಿನೈದು ವರ್ಷಗಳ ಗುತ್ತಿಗೆಗೆ ಕೊಡುವ ಯೋಜನೆಯನ್ನು ಕೈಗೆತ್ತಿಕೊಂಡಿತು. ಹೆಬ್ಬಾಳ, ನಾಗವಾರ, ಅಗರ ಮತ್ತು ವೆಂಗಯ್ಯನ ಕೆರೆಗಳು ಈ ಪಟ್ಟಿಯಲ್ಲಿದ್ದವು. ಇದನ್ನು ಪ್ರಶ್ನಿಸಿ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಸಂಸ್ಥೆ ಮತ್ತು ಅದರ ಸಂಯೋಜಕ ಲಿಯೋ ಸಲ್ಡಾನ್ಹಾ 2008ರಲ್ಲಿ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಸಿದರು. ನ್ಯಾಯಾಲಯ ಹೊಸ ಗುತ್ತಿಗೆಗಳಿಗೆ ತಡೆ ಹಾಕಿತು, ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಅವರ ನೇತೃತ್ವದಲ್ಲಿ ಸಮಿತಿಯೊಂದನ್ನು ರಚಿಸಿತು, 2011ರಲ್ಲಿ ಆ ಸಮಿತಿಯ ವರದಿಯನ್ನು ಪಡೆದು 2012ರ ಏಪ್ರಿಲ್‌ನಲ್ಲಿ ಅರ್ಜಿಯನ್ನು ಇತ್ಯರ್ಥಗೊಳಿಸಿತು. ಪರಿಸರ ಹೋರಾಟಗಳ ಇತಿಹಾಸದಲ್ಲಿ ಇದನ್ನು ಗೆಲುವೆಂದೇ ದಾಖಲಿಸಲಾಗಿದೆ, ಅದು ಸರಿಯೂ ಹೌದು. ಆದರೆ ಕೆರೆಯನ್ನು ನಂಬಿ ಬದುಕುತ್ತಿದ್ದವರ ಕಡೆಯಿಂದ ಇದೇ ಪ್ರಕರಣವನ್ನು ಓದಿದರೆ ಗೆಲುವಿನ ಲೆಕ್ಕ ಅಷ್ಟು ಸುಲಭವಾಗಿ ಕೂಡಿಬರುವುದಿಲ್ಲ. ಗುತ್ತಿಗೆದಾರ ಟಿಕೆಟ್ ಇಟ್ಟು ಮಾಡಬಹುದಾಗಿದ್ದ ಕೆಲಸವನ್ನು ಸಾರ್ವಜನಿಕ ಸಂಸ್ಥೆಗಳು ಬೇಲಿ, ಗೇಟು ಮತ್ತು ಮಣ್ಣಿನ ಏರಿಯ ಮೂಲಕ ಹೇಗೆ ಮಾಡಿಬಿಟ್ಟವು ಎಂಬುದನ್ನು ನೋಡುವುದು ಈ ಬರಹದ ಉದ್ದೇಶ.

ಹಿನ್ನೆಲೆ

ವರ್ಷವಿಡೀ ಹರಿಯುವ ನದಿಯಿಲ್ಲದ, ಎತ್ತರದ ದಿಣ್ಣೆಯ ಮೇಲೆ ಬೆಳೆದ ಊರು ಬೆಂಗಳೂರು. ಮಳೆಯ ನೀರು ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ ಮತ್ತು ವೃಷಭಾವತಿ ಎಂಬ ಮೂರು ಕಣಿವೆಗಳಲ್ಲಿ ಇಳಿದುಹೋಗುತ್ತದೆ. ಈ ಇಳಿಜಾರಿನಲ್ಲಿ ಒಂದರ ಕೋಡಿ ಇನ್ನೊಂದನ್ನು ತುಂಬಿಸುವಂತೆ ಸರಣಿಯಾಗಿ ಕೆರೆಗಳನ್ನು ಕಟ್ಟಲಾಗಿತ್ತು. ಅಚ್ಚುಕಟ್ಟಿನ ಗದ್ದೆ, ತಿಗಳರ ಹೂವು–ತರಕಾರಿಯ ತೋಟ, ಮಡಿವಾಳರ ಬಟ್ಟೆಯ ಕಲ್ಲು, ಬೆಸ್ತರ ಬಲೆ, ಕುಂಬಾರರ ಮಣ್ಣು, ದನಕರುಗಳ ಮೇವು ಎಲ್ಲವೂ ಇದೇ ನೀರನ್ನು ಆಶ್ರಯಿಸಿದ್ದವು. ಹಾಗೆಂದು ಆ ಕಾಲವನ್ನು ಸಮಾನತೆಯ ಕಾಲವೆಂದು ಕೊಂಡಾಡುವಂತಿಲ್ಲ. ಅಚ್ಚುಕಟ್ಟಿನ ಫಲವತ್ತಾದ ಭೂಮಿ ಯಾವ ಜಾತಿಗಳ ಕೈಯಲ್ಲಿತ್ತು, ತೂಬು ಕಾಯುವ ಮತ್ತು ಹೂಳೆತ್ತುವ ದುಡಿಮೆ ಯಾರ ಪಾಲಿಗಿತ್ತು, ಯಾವ ಸೋಪಾನಕ್ಕೆ ಯಾರು ಇಳಿಯುವಂತಿರಲಿಲ್ಲ ಎಂಬುದು ಹಳ್ಳಿಯ ನೆನಪಿರುವ ಯಾರಿಗೂ ಗೊತ್ತಿರುವ ಸಂಗತಿ. ಆದರೂ ಕೆರೆಯ ಬಳಕೆಗಳು ಹಲವಿದ್ದವು, ಆ ಬಳಕೆಗಳಿಗೆ ಊರಿನಲ್ಲಿ ಹೆಸರಿತ್ತು.

1890ರ ದಶಕದಲ್ಲಿ ಹೆಸರಘಟ್ಟದಿಂದ, 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ ನಗರಕ್ಕೆ ಕೊಳವೆ ನೀರು ಬಂದಂತೆಲ್ಲ ಕೆರೆ ಎಂದರೆ ನೀರಿನ ಮೂಲ ಎಂಬ ಭಾವನೆ ಹೋಗಿ ಖಾಲಿ ಜಾಗ ಎಂಬ ಭಾವನೆ ಬಂತು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು, ಚಲ್ಲಘಟ್ಟ ಕೆರೆ ಗಾಲ್ಫ್ ಮೈದಾನವಾಯಿತು, ಕೋರಮಂಗಲದ ಕೆರೆಯಂಗಳದಲ್ಲಿ ರಾಷ್ಟ್ರೀಯ ಕ್ರೀಡಾಕೂಟದ ವಸತಿ ಸಮುಚ್ಚಯ ಎದ್ದಿತು. ಸಂಪಂಗಿಯ ಕಥೆ ಇಲ್ಲಿ ವಿಶೇಷವಾಗಿ ಗಮನಿಸಬೇಕಾದದ್ದು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೇ ಆ ಕೆರೆಯ ಅಂಗಳ ಪೋಲೋ ಆಟಕ್ಕೆ ಒಣಗಿರಬೇಕೆಂದು ದಂಡುಪ್ರದೇಶದ ಬ್ರಿಟಿಷರೂ, ತೋಟಕ್ಕೆ ನೀರು ನಿಂತಿರಬೇಕೆಂದು ಅಲ್ಲಿನ ಬೆಳೆಗಾರರೂ ಕೇಳುತ್ತಿದ್ದರು. ಆ ಜಗಳದಲ್ಲಿ ಯಾರ ಮಾತು ನಡೆಯಿತೆಂಬುದನ್ನು ಇಂದಿನ ನಕ್ಷೆಯೇ ಹೇಳುತ್ತದೆ. ಉಳಿದಿರುವ ಚಿಕ್ಕ ಹೊಂಡವೊಂದಕ್ಕೆ ತಿಗಳ ಸಮುದಾಯ ಕರಗದ ವಿಧಿಗಳಿಗಾಗಿ ಇಂದಿಗೂ ಬರುತ್ತದೆ.

1985ರಲ್ಲಿ ನಿವೃತ್ತ ಐಎಎಸ್ ಅಧಿಕಾರಿ ಎನ್. ಲಕ್ಷ್ಮಣರಾವ್ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿಯು ಇರುವ ಕೆರೆಗಳನ್ನು ಒಡೆಯಬಾರದು, ಒತ್ತುವರಿ ತಡೆಯಬೇಕು, ಸುತ್ತ ಮರ ಬೆಳೆಸಬೇಕು ಎಂದು ಹೇಳಿತು, ಮತ್ತು 1988ರಲ್ಲಿ ಸರ್ಕಾರ ಇದನ್ನು ಒಪ್ಪಿ ಆದೇಶ ಹೊರಡಿಸಿತು. ಅಲ್ಲಿಂದ ಮುಂದೆ ಅನೇಕ ಕೆರೆಗಳು ಅರಣ್ಯ ಇಲಾಖೆಯ ಸುಪರ್ದಿಗೆ ಹೋದವು. 2002ರಲ್ಲಿ ಸಂಘಗಳ ನೋಂದಣಿ ಕಾಯ್ದೆಯಡಿ ಕೆರೆ ಅಭಿವೃದ್ಧಿ ಪ್ರಾಧಿಕಾರ ಹುಟ್ಟಿತು. ಹೆಸರಿಗೆ ಪ್ರಾಧಿಕಾರವಾದರೂ ಅದಕ್ಕೆ ಶಾಸನದ ಬಲವಿರಲಿಲ್ಲ, ಒತ್ತುವರಿದಾರನಿಗೆ ನೋಟಿಸು ಕೊಟ್ಟು ತೆರವುಗೊಳಿಸುವ ಅಧಿಕಾರವೂ ಇರಲಿಲ್ಲ. ಹಣ ಮತ್ತು ಅಧಿಕಾರ ಎರಡೂ ಇಲ್ಲದ ಸಂಸ್ಥೆಗೆ ಗುತ್ತಿಗೆಯ ದಾರಿ ಸುಲಭವಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಗುತ್ತಿಗೆ ಮತ್ತು ದಾವೆ

ಹೆಬ್ಬಾಳ ಕೆರೆಯನ್ನು ಗುತ್ತಿಗೆಗೆ ಕೆಲವೇ ವರ್ಷ ಮೊದಲು ನಾರ್ವೆ ದೇಶದ ನೆರವಿನ ಕಾರ್ಯಕ್ರಮದಡಿ ಸಾರ್ವಜನಿಕ ಹಣದಲ್ಲಿ ಪುನಶ್ಚೇತನಗೊಳಿಸಲಾಗಿತ್ತು. ಹೆಜ್ಜಾರ್ಲೆಗಳೂ ಚಳಿಗಾಲದಲ್ಲಿ ವಲಸೆ ಬಾತುಗಳೂ ಬರುವ ಈ ಕೆರೆ ಪಕ್ಷಿವೀಕ್ಷಕರಿಗೆ ಚಿರಪರಿಚಿತ. ಇದು ದೊಡ್ಡ ಹೋಟೆಲ್ ಸಮೂಹವೊಂದರ ಪಾಲಾಯಿತು. ಅದರ ಕೆಳಗಿನ ನಾಗವಾರ ಕೆರೆಯ ದಡದಲ್ಲಿ ಪ್ರವೇಶ ಶುಲ್ಕ, ದೋಣಿವಿಹಾರ, ಕೃತಕ ಅಲೆಗಳ ಕೊಳವಿರುವ ಮನರಂಜನಾ ಉದ್ಯಾನ ತೆರೆಯಿತು. ಈ ಎರಡು ಕೆರೆಗಳೇ ಮೊದಲು ಆಯ್ಕೆಯಾದದ್ದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ದೇವನಹಳ್ಳಿಯ ವಿಮಾನ ನಿಲ್ದಾಣ 2008ರಲ್ಲಿ ತೆರೆಯಿತು, ಅಲ್ಲಿಗೆ ಹೋಗುವ ರಸ್ತೆ ಹೆಬ್ಬಾಳ ಕೆರೆಯ ಮಗ್ಗುಲಲ್ಲೇ ಹಾದುಹೋಗುತ್ತದೆ, ನಾಗವಾರದ ಪಕ್ಕದಲ್ಲಿ ದೊಡ್ಡ ಟೆಕ್ ಪಾರ್ಕ್ ಬೆಳೆಯುತ್ತಿತ್ತು. ಯಾವ ಕೆರೆಯ ಸುತ್ತಲಿನ ಭೂಮಿಯ ಬೆಲೆ ಏರುತ್ತಿತ್ತೋ ಆ ಕೆರೆಗೆ ಹೂಡಿಕೆದಾರ ಸಿಕ್ಕ. ಕೊಳಚೆ ತುಂಬಿ ಬಡವರ ಬಡಾವಣೆಯ ನಡುವೆ ಸಾಯುತ್ತಿದ್ದ ಕೆರೆಯನ್ನು ಗುತ್ತಿಗೆಗೆ ಕೇಳಿಕೊಂಡು ಯಾರೂ ಬರಲಿಲ್ಲ. ಖಾಸಗಿ ಬಂಡವಾಳದಿಂದ ಕೆರೆಗಳು ಉಳಿಯುತ್ತವೆ ಎಂಬ ವಾದದ ಮುಖ್ಯ ದೋಷ ಇಲ್ಲಿಯೇ ಇದೆ.

ಅರ್ಜಿದಾರರು ಎತ್ತಿದ ಪ್ರಶ್ನೆಗಳು ಎರಡು ಬಗೆಯವು. ಮೊದಲನೆಯದು ಒಡೆತನದ ಪ್ರಶ್ನೆ: ಕೆರೆ ಸಾರ್ವಜನಿಕರ ಸ್ವತ್ತಾಗಿರುವಾಗ ಅದನ್ನು ಲಾಭಕ್ಕಾಗಿ ಪರಭಾರೆ ಮಾಡಲು ಸರ್ಕಾರಕ್ಕೆ ಅಧಿಕಾರವಿದೆಯೇ? ಈ ವಾದಕ್ಕೆ ಗಟ್ಟಿಯಾದ ಆಧಾರವಿತ್ತು. ನದಿ, ಕಡಲತೀರ, ಕೆರೆಗಳಂಥ ಸಂಪತ್ತನ್ನು ಸರ್ಕಾರ ಜನರ ಪರವಾಗಿ ನಂಬಿಕೆಯ ಮೇಲೆ ಹಿಡಿದಿರುತ್ತದೆಯೇ ಹೊರತು ಅದರ ಮಾಲೀಕನಾಗಿರುವುದಿಲ್ಲ ಎಂಬ ತತ್ತ್ವವನ್ನು ಸುಪ್ರೀಂ ಕೋರ್ಟ್ ಕಮಲ್‌ನಾಥ್ ಪ್ರಕರಣದಲ್ಲಿ ಆಗಲೇ ಎತ್ತಿಹಿಡಿದಿತ್ತು, ತಿರುಪತಿಯ ಎರಡು ಕೆರೆಗಳ ಕುರಿತ 2006ರ ತೀರ್ಪಿನಲ್ಲಿ ಅದನ್ನು ಕೆರೆಗಳಿಗೂ ಅನ್ವಯಿಸಿತ್ತು. ಎರಡನೆಯದು ಬಳಕೆಯ ಪ್ರಶ್ನೆ: ಮೀನು ಹಿಡಿಯುವವರು, ದನ ಕಾಯುವವರು, ಬಟ್ಟೆ ಒಗೆಯುವವರು ತಲೆಮಾರುಗಳಿಂದ ಕೆರೆಯನ್ನು ಬಳಸುತ್ತ ಬಂದಿರುವಾಗ ಅವರನ್ನು ಒಂದು ಮಾತೂ ಕೇಳದೆ ಹೊರಗಿಡಬಹುದೇ?

ದಾವೆಯಿಂದ ಆದ ಒಳ್ಳೆಯದು ಕಡಿಮೆಯದಲ್ಲ. ಗುತ್ತಿಗೆಯ ಯೋಜನೆ ಉಳಿದ ಕೆರೆಗಳಿಗೆ ಹಬ್ಬಲಿಲ್ಲ. ಗಡಿ ಅಳೆಯುವುದು, ಒತ್ತುವರಿ ತೆರವು, ಕೊಳಚೆಯನ್ನು ಬೇರೆಡೆಗೆ ತಿರುಗಿಸುವುದು, ಜಿಲ್ಲಾ ಮಟ್ಟದಲ್ಲಿ ಕೆರೆ ಸಂರಕ್ಷಣಾ ಸಮಿತಿ ರಚಿಸುವುದು ಇವೆಲ್ಲ ಸರ್ಕಾರದ ಕರ್ತವ್ಯಗಳೆಂದು ನ್ಯಾಯಾಲಯದ ನಿಗಾದಲ್ಲಿ ಸ್ಥಾಪಿತವಾದವು. 2014ರಲ್ಲಿ ಕೆರೆ ಸಂರಕ್ಷಣೆಗೆ ಪ್ರತ್ಯೇಕ ಕಾಯ್ದೆ ಬಂದದ್ದಕ್ಕೂ ಈ ಹೋರಾಟವೇ ನೆಲ ಹದಮಾಡಿತ್ತು. ಆದರೆ ಮೊದಲ ಪ್ರಶ್ನೆಗೆ ಸಿಕ್ಕಷ್ಟು ನೇರವಾದ ಉತ್ತರ ಎರಡನೆಯದಕ್ಕೆ ನೆಲದ ಮೇಲೆ ಸಿಗಲಿಲ್ಲ. ಕೆರೆ ಮಾರಾಟಕ್ಕಿಲ್ಲ ಎಂದಾಯಿತು, ಆದರೆ ಸಾರ್ವಜನಿಕರೆಂದರೆ ಯಾರು ಎಂಬುದನ್ನು ನಿರ್ಧರಿಸುವ ಕೆಲಸ ಟೆಂಡರ್ ಸಿದ್ಧಪಡಿಸುವ ಎಂಜಿನಿಯರುಗಳಿಗೆ ಉಳಿಯಿತು.

ಬೋಗುಣಿಯಾದ ಕೆರೆ

ಮುಂದಿನ ವರ್ಷಗಳಲ್ಲಿ ಬಿಬಿಎಂಪಿ (ಆಗಿನ ಮಹಾನಗರ ಪಾಲಿಕೆ) ಮತ್ತು ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಸಂಸ್ಥೆಗಳು ಅನೇಕ ಕೆರೆಗಳನ್ನು ಪುನಶ್ಚೇತನಗೊಳಿಸಿದವು. ಅವುಗಳ ವಿನ್ಯಾಸ ಬಹುಮಟ್ಟಿಗೆ ಒಂದೇ ಅಚ್ಚಿನದು. ಹಳೆಯ ಕೆರೆ ಒಂದು ಕಡೆ ಓರೆಯಾದ ತಟ್ಟೆಯಂತಿತ್ತು. ಇಳಿಜಾರಿನ ತಗ್ಗಿನಲ್ಲಿ ಮಾತ್ರ ಏರಿ, ಮೇಲಿನ ಕಡೆ ನೀರು ಕ್ರಮೇಣ ತೆಳುವಾಗುತ್ತ ಕೆಸರಾಗಿ, ಹುಲ್ಲಾಗಿ, ಕೊನೆಗೆ ಗೋಮಾಳವೋ ಗುಂಡುತೋಪೋ ಆಗುತ್ತಿತ್ತು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಂತೆ ಅಲ್ಲಿ ಹಸಿರು ಮೇವು ಚಿಗುರುತ್ತಿತ್ತು, ಕೆಸರಿನಲ್ಲಿ ಕಾಲೂರಿ ಮೇಯುವ ಹಕ್ಕಿಗಳಿಗೂ ಅದೇ ಜಾಗ ಬೇಕಾಗಿತ್ತು. ಹೊಸ ವಿನ್ಯಾಸದಲ್ಲಿ ಹೂಳನ್ನು ಆಳಕ್ಕೆ ಅಗೆದು, ಅದೇ ಮಣ್ಣನ್ನು ಸುತ್ತಲೂ ಉಂಗುರದಂತೆ ಏರಿಸಿ, ಅದರ ಮೇಲೆ ನಡಿಗೆಯ ಪಥ ಹಾಸಿ, ಹೊರಗೆ ತಂತಿಬೇಲಿ ಹಾಕಲಾಗುತ್ತದೆ. ಕೆರೆ ಬೋಗುಣಿಯಾಗುತ್ತದೆ. ನೀರು ಹೆಚ್ಚು ಹಿಡಿಯುತ್ತದೆ ಎಂಬುದು ಇದಕ್ಕೆ ಕೊಡುವ ಸಮರ್ಥನೆ. ಆದರೆ ಸುತ್ತಲಿನ ಉಂಗುರದ ಏರಿ ಮಳೆನೀರು ಇಳಿದು ಬರುವ ದಾರಿಯನ್ನೇ ಕಡಿಯುತ್ತದೆ. ರಾಜಕಾಲುವೆಯ ಬಾಯಿಯೊಂದನ್ನು ಬಿಟ್ಟರೆ ನೀರಿಗೆ ಬೇರೆ ದಾರಿಯಿರುವುದಿಲ್ಲ, ಆ ಕಾಲುವೆಯಲ್ಲಿ ಬರುವುದು ಬಹುತೇಕ ಕೊಳಚೆ.

ಈಗ ಗೇಟಿನ ಕಡೆಗೆ ನೋಡಬೇಕು. ದ್ವಿಚಕ್ರ ವಾಹನಗಳನ್ನು ತಡೆಯಲೆಂದು ಅನೇಕ ಕೆರೆಗಳ ಪ್ರವೇಶದಲ್ಲಿ ಕಬ್ಬಿಣದ ಕಂಬಿಗಳನ್ನು ಅಂಕುಡೊಂಕಾಗಿ ನೆಟ್ಟಿರುತ್ತಾರೆ. ಒಬ್ಬರು ಮೈ ಓರೆ ಮಾಡಿಕೊಂಡು ಒಳಗೆ ಹೋಗಬಹುದು. ಹಸು ಹೋಗುವಂತಿಲ್ಲ. ಕುಡುಗೋಲಿನಿಂದ ಜೊಂಡು ಮತ್ತು ಹುಲ್ಲು ಕೊಯ್ದು, ಸೀರೆಯ ತುಂಡಿನಲ್ಲಿ ಹೊರೆ ಕಟ್ಟಿ ತಲೆಯ ಮೇಲಿಟ್ಟುಕೊಂಡ ಹೆಂಗಸು ಆ ಹೊರೆಯೊಂದಿಗೆ ಹೊರಗೆ ಬರುವಂತಿಲ್ಲ. ಬೇಲಿಯ ಮೇಲಿಂದ ಆಚೆಗೆ ಎಸೆದು, ತಾನು ಸುತ್ತಿ ಬಂದು, ಮತ್ತೆ ಎತ್ತಿಕೊಳ್ಳಬೇಕು. ಪಕ್ಕದಲ್ಲಿ ನಿಂತ ಫಲಕ ದನ ಮೇಯಿಸುವುದು, ಬಟ್ಟೆ ಒಗೆಯುವುದು, ಮೀನು ಹಿಡಿಯುವುದು ನಿಷಿದ್ಧವೆಂದು ಪಟ್ಟಿ ಮಾಡುತ್ತದೆ, ಬೆಳಗಿನ ಮತ್ತು ಸಂಜೆಯ ಕೆಲವು ಗಂಟೆಗಳನ್ನು ತೆರೆದಿರುವ ವೇಳೆಯೆಂದು ಸೂಚಿಸುತ್ತದೆ. ಆ ಗಂಟೆಗಳು ಕಚೇರಿಗೆ ಹೋಗುವವರ ವಾಯುವಿಹಾರಕ್ಕೆ ಸರಿಹೊಂದುತ್ತವೆ. ಮನೆಗೆಲಸಕ್ಕೆ ಹೋಗುವವರು, ಕಟ್ಟಡ ಕೆಲಸದವರು ಆ ಹೊತ್ತಿನಲ್ಲಿ ಕೆಲಸದ ದಾರಿಯಲ್ಲಿರುತ್ತಾರೆ. ತಗಡಿನ ಮಾಡಿನ ಕೆಳಗೆ ಬೇಯುವ ಮಧ್ಯಾಹ್ನದಲ್ಲಿ, ನೆರಳು ನಿಜಕ್ಕೂ ಬೇಕಾದಾಗ, ಗೇಟಿಗೆ ಬೀಗವಿರುತ್ತದೆ.

ನೆರಳಿನ ಮಾತು ಸಣ್ಣದಲ್ಲ. ಬೆಂಗಳೂರಿನ ರಸ್ತೆಗಳಲ್ಲಿ ನಡೆಸಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮರಗಳಿರುವ ಭಾಗದಲ್ಲಿ ಮಧ್ಯಾಹ್ನದ ಗಾಳಿಯ ಉಷ್ಣತೆ ಮರಗಳಿಲ್ಲದ ಭಾಗಕ್ಕಿಂತ 5.6 ಡಿಗ್ರಿ ಸೆಲ್ಸಿಯಸ್‌ನಷ್ಟು ಕಡಿಮೆಯಿತ್ತು, ಡಾಂಬರಿನ ಮೇಲ್ಮೈ ಉಷ್ಣತೆಯಲ್ಲಿ ವ್ಯತ್ಯಾಸ 27.5 ಡಿಗ್ರಿಯವರೆಗೆ ಹೋಗಿತ್ತು. ಹವಾನಿಯಂತ್ರಿತ ಕೋಣೆಯಿಂದ ಹವಾನಿಯಂತ್ರಿತ ಕಾರಿಗೆ ಹೋಗುವವರಿಗೆ ಈ ಅಂತರ ಅಂಕಿಯಷ್ಟೆ. ತಳ್ಳುಗಾಡಿಯವರಿಗೆ, ಪೌರಕಾರ್ಮಿಕರಿಗೆ ಅದು ದಿನದ ದುಡಿಮೆಯನ್ನು ತಾಳುವ ಶಕ್ತಿ. ಹಾಗಿದ್ದೂ ಮರ ನೆಡಲು ಜಾಗವಿರುವುದು ಅಗಲ ರಸ್ತೆಯ ಹಳೆಯ ಬಡಾವಣೆಗಳಲ್ಲಿ. ಕೊಳೆಗೇರಿಗಳಲ್ಲಿ ಜನ ತಾವೇ ಮನೆಯ ಮಗ್ಗುಲಲ್ಲಿ ನೆಟ್ಟ ನುಗ್ಗೆ, ತೆಂಗುಗಳು ನೆರಳಿಗೂ ಸಾರಿಗೂ ಆಗುತ್ತವೆ. ಅವುಗಳನ್ನು ನಗರದ ಹಸಿರಿನ ಲೆಕ್ಕದಲ್ಲಿ ಯಾರೂ ಎಣಿಸುವುದಿಲ್ಲ.

ಅನ್ಯಾಯ ಎಲ್ಲಿ ಕೂಡಿಕೊಂಡಿತು

ಪರಿಸರ ನ್ಯಾಯದ ಚಿಂತನೆ ಅಮೆರಿಕದ ಉತ್ತರ ಕೆರೊಲಿನಾದ ವಾರೆನ್ ಕೌಂಟಿಯಲ್ಲಿ 1982ರಲ್ಲಿ ಕಪ್ಪುಜನರು ತಮ್ಮ ಊರಿಗೆ ವಿಷತ್ಯಾಜ್ಯ ತಂದು ಹೂಳುವುದನ್ನು ಪ್ರತಿಭಟಿಸಿದಾಗ ಹೆಸರು ಪಡೆಯಿತು. ಅಲ್ಲಿ ಮೊದಲು ಎದ್ದ ಪ್ರಶ್ನೆ ಹೊರೆಯದು: ನಗರದ ಹೊಲಸು ಯಾರ ಅಂಗಳಕ್ಕೆ ಹೋಗುತ್ತದೆ ಎಂಬುದು. ಬೆಂಗಳೂರಿನ ಕೆರೆಗಳಲ್ಲಿ ಹೊರೆ ಮತ್ತು ಲಾಭ ಎರಡೂ ಒಂದೇ ನೀರಿನಲ್ಲಿ ಬೆರೆತಿವೆ. ಮೇಲಿನ ಬಡಾವಣೆಯ ಅಪಾರ್ಟ್‌ಮೆಂಟಿನ ಕೊಳಚೆ ಕೆಳಗಿನ ಕೆರೆಗೆ ಬರುತ್ತದೆ. ಆ ನೀರಿನಲ್ಲಿ ಬೆಳೆದ ಹುಲ್ಲನ್ನು ತಿಂದ ಹಸುವಿನ ಹಾಲು ಮತ್ತೆ ಬಡಾವಣೆಗೇ ಹೋಗುತ್ತದೆ, ಮತ್ತು ಹುಲ್ಲು ಕೊಯ್ದವರು ಕೆರೆಯನ್ನು ಕೆಡಿಸುವವರೆಂಬ ಆರೋಪ ಹೊರುತ್ತಾರೆ. ದನದ ಸಗಣಿ, ಬಟ್ಟೆಯ ಸೋಪಿನ ನೊರೆ ಕಣ್ಣಿಗೆ ಬೀಳುತ್ತವೆ. ನೆಲದಡಿಯ ಕೊಳವೆಯಲ್ಲಿ ಹಗಲಿರುಳು ಬರುವ ಲಕ್ಷಾಂತರ ಲೀಟರ್ ಮಲಿನ ನೀರು ಕಣ್ಣಿಗೆ ಬೀಳುವುದಿಲ್ಲ. ಫಲಕದ ಮೇಲಿನ ನಿಷೇಧಗಳ ಪಟ್ಟಿ ಕಣ್ಣಿಗೆ ಕಂಡದ್ದನ್ನಷ್ಟೇ ನೋಡಿ ಬರೆದದ್ದು.

ಮೀನಿನ ವಿಷಯದಲ್ಲಿ ಇನ್ನೊಂದು ಬಗೆಯ ಹೊರಗಿಡುವಿಕೆ ನಡೆದಿದೆ. ಕೆರೆಯಲ್ಲಿ ಮೀನು ಹಿಡಿಯುವ ಹಕ್ಕನ್ನು ಮೀನುಗಾರಿಕೆ ಇಲಾಖೆ ಹರಾಜು ಅಥವಾ ಟೆಂಡರ್ ಮೂಲಕ ಕೊಡುತ್ತದೆ. ಮುಂಗಡ ಹಣ ಕಟ್ಟಬಲ್ಲವನು ಗುತ್ತಿಗೆದಾರನಾಗುತ್ತಾನೆ, ಹಿಂದೆ ಅದೇ ಕೆರೆಯಲ್ಲಿ ಬಲೆ ಬೀಸುತ್ತಿದ್ದವನು ಅವನ ಕೈಕೆಳಗೆ ಕೂಲಿಯಾಗುತ್ತಾನೆ ಅಥವಾ ಬೇರೆ ಕೆಲಸ ಹುಡುಕುತ್ತಾನೆ. ಕೆರೆಯ ಗುತ್ತಿಗೆಯನ್ನು ವಿರೋಧಿಸಿದ ನಗರದ ಮಧ್ಯಮವರ್ಗಕ್ಕೆ ಈ ಚಿಕ್ಕ ಗುತ್ತಿಗೆ ಎಂದೂ ಅಷ್ಟಾಗಿ ಕಾಡಲಿಲ್ಲ. ನನ್ನ ಅಭಿಪ್ರಾಯದಲ್ಲಿ ಇದು ಕೆಟ್ಟ ಮನಸ್ಸಿನಿಂದ ಆದದ್ದಲ್ಲ. ಕೆರೆಯ ಪರವಾಗಿ ದುಡಿದ ಸ್ವಯಂಸೇವಕರಲ್ಲಿ ಅನೇಕರು ತಮ್ಮ ಭಾನುವಾರಗಳನ್ನು, ಸ್ವಂತ ಹಣವನ್ನು ವ್ಯಯಿಸಿದ್ದಾರೆ, ಅವರಿಲ್ಲದಿದ್ದರೆ ಎಷ್ಟೋ ಕೆರೆಗಳು ಇಷ್ಟು ಹೊತ್ತಿಗೆ ಸೈಟುಗಳಾಗಿರುತ್ತಿದ್ದವು. ಆದರೆ ಸಭೆಯ ಸೂಚನೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಇಂಗ್ಲಿಷಿನಲ್ಲಿ ಬರುತ್ತಿದ್ದರೆ, ಸಭೆ ಭಾನುವಾರ ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಸೇರುತ್ತಿದ್ದರೆ, ದನ ಸಾಕುವವರು ಅಲ್ಲಿಗೆ ಬರುವುದಿಲ್ಲ. ಬಂದಿಲ್ಲದವರ ಬೇಡಿಕೆ ನಡಾವಳಿಯಲ್ಲಿ ದಾಖಲಾಗುವುದಿಲ್ಲ.

ಹೋಲಿಕೆಗೆ ಒಂದು ಕೆರೆ

ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ ಇದೇ ಕಾಲದ್ದು. ಸುಮಾರು 48 ಎಕರೆಯ ಈ ಕೆರೆಯ ಪುನಶ್ಚೇತನವನ್ನು ಬಿಬಿಎಂಪಿ 2009ರ ಸುಮಾರಿಗೆ ಕೈಗೆತ್ತಿಕೊಂಡಾಗ ಸುತ್ತಲಿನ ನಿವಾಸಿಗಳು ವಿನ್ಯಾಸದ ಹಂತದಲ್ಲಿಯೇ ಜತೆಗೂಡಿದರು, ಮುಂದೆ ಟ್ರಸ್ಟ್ ಮಾಡಿಕೊಂಡು ನಿರ್ವಹಣೆಯಲ್ಲಿ ಪಾಲುದಾರರಾದರು. ಕೆರೆಗೆ ಅಂಟಿಕೊಂಡಿರುವ ಸರ್ಕಾರಿ ಶಾಲೆಯ ಮಕ್ಕಳ ಬಳಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಾಯಿತು. ಗಣೇಶ ವಿಸರ್ಜನೆಗೆ ಪ್ರತ್ಯೇಕ ಕಲ್ಯಾಣಿ ಇದೆ. ದನಗಳಿಗೆ ಹುಲ್ಲು ಕೊಯ್ದುಕೊಂಡು ಹೋಗುವುದಕ್ಕೆ ಇಲ್ಲಿ ಅವಕಾಶ ಉಳಿಯಿತು. ಹುಲ್ಲು ಹೋದಷ್ಟೂ ಕೆರೆಗೆ ಸೇರಿದ ಪೋಷಕಾಂಶಗಳು ಹೊರಹೋಗಿ ನೀರಿಗೂ ಒಳಿತಾಗುತ್ತದೆ ಎಂಬುದನ್ನು ಗಮನಿಸಬೇಕು. ಇದನ್ನು ಮಾದರಿಯೆಂದು ತೀರಾ ಹೊಗಳುವುದೂ ಬೇಡ. ಕೆರೆ ಚೆನ್ನಾದಂತೆ ಸುತ್ತಲಿನ ಭೂಮಿಯ ಬೆಲೆ ಏರಿತು, ಕೆರೆಯ ನೋಟವನ್ನೇ ಮುಂದಿಟ್ಟು ಫ್ಲ್ಯಾಟುಗಳನ್ನು ಮಾರಲಾಯಿತು, ಬಾಡಿಗೆ ಏರಿದ ಊರಿನಲ್ಲಿ ಹುಲ್ಲು ಕೊಯ್ಯುವವರು ಎಷ್ಟು ದಿನ ಇರಬಲ್ಲರು ಎಂಬುದಕ್ಕೆ ಯಾವ ಟ್ರಸ್ಟೂ ಹೊಣೆಯಾಗಲಾರದು. ಆದರೂ ಹೆಬ್ಬಾಳ–ನಾಗವಾರಗಳ ಪಕ್ಕದಲ್ಲಿಟ್ಟು ನೋಡಿದಾಗ ಕೈಕೊಂಡ್ರಹಳ್ಳಿ ಒಂದು ವಿಷಯವನ್ನು ಸ್ಪಷ್ಟಪಡಿಸುತ್ತದೆ: ಒಂದೇ ಕೆರೆಯಲ್ಲಿ ಹಕ್ಕಿ, ವಾಯುವಿಹಾರ ಮತ್ತು ಮೇವು ಮೂರಕ್ಕೂ ಜಾಗ ಮಾಡುವುದಕ್ಕೆ ತಾಂತ್ರಿಕ ಅಡ್ಡಿ ಏನೂ ಇಲ್ಲ.

ಕಡತದಲ್ಲಿ ಆಗಬೇಕಾದ ಬದಲಾವಣೆ

ಕೆರೆಯ ಕೆಲಸ ಶುರುವಾಗುವುದು ವಿವರವಾದ ಯೋಜನಾ ವರದಿಯಿಂದ. ಅದರಲ್ಲಿ ತೆಗೆಯಬೇಕಾದ ಹೂಳು ಎಷ್ಟು ಘನಮೀಟರ್, ನಡಿಗೆಯ ಪಥ ಎಷ್ಟು ಮೀಟರ್, ತಂತಿಬೇಲಿಯ ಉದ್ದವೆಷ್ಟು, ದೀಪದ ಕಂಬಗಳು ಎಷ್ಟು ಎಂಬುದಕ್ಕೆ ಅಂದಾಜು ಪಟ್ಟಿ ಇರುತ್ತದೆ. ಆ ಕೆರೆಯನ್ನು ಈಗ ಯಾರು, ಯಾವ ತಿಂಗಳಲ್ಲಿ, ಯಾವುದಕ್ಕೆ ಬಳಸುತ್ತಿದ್ದಾರೆ ಎಂಬ ಸಮೀಕ್ಷೆಯನ್ನೂ ಅದೇ ವರದಿಯ ಭಾಗವಾಗಿ ಕಡ್ಡಾಯಗೊಳಿಸಿದರೆ ವಿನ್ಯಾಸದ ಅನೇಕ ತಪ್ಪುಗಳು ಕಾಗದದ ಮೇಲೆಯೇ ಸಿಕ್ಕಿಬೀಳುತ್ತವೆ. ಸಮೀಕ್ಷೆ ಒಂದೇ ದಿನದ ಕೆಲಸವಾಗಬಾರದು, ಏಕೆಂದರೆ ಬೇಸಿಗೆಯಲ್ಲಿ ಮೇವಿಗೆ ಬರುವವರು ಮಳೆಗಾಲದಲ್ಲಿ ಕಾಣಸಿಗುವುದಿಲ್ಲ. ಬಳಕೆದಾರರ ಹೆಸರು ಒಮ್ಮೆ ಕಡತ ಸೇರಿದರೆ ಅವರಿಗೆ ಹುಲ್ಲು ಕೊಯ್ಯಲು ಗುರುತಿನ ಚೀಟಿ ಕೊಡುವುದಕ್ಕೂ, ಮೀನಿನ ಟೆಂಡರಿನಲ್ಲಿ ಸ್ಥಳೀಯ ಸಹಕಾರ ಸಂಘಕ್ಕೆ ಮೊದಲ ಅವಕಾಶ ಕೇಳುವುದಕ್ಕೂ, ಬೇಲಿಯಿಂದ ಬದುಕು ಕಳೆದುಕೊಂಡರೆ ಪರಿಹಾರ ಕೋರುವುದಕ್ಕೂ ಆಧಾರವಾಗುತ್ತದೆ. 2008ರ ಅರ್ಜಿದಾರರ ಕೈಯಲ್ಲಿ ಇಲ್ಲದಿದ್ದದ್ದು ಬಹುಶಃ ಇಂಥ ದಾಖಲೆಯೇ. ಕೆರೆಯ ಮೇಲಿನ ಕಡೆ ಉಂಗುರದ ಏರಿಯನ್ನು ಕೈಬಿಟ್ಟು ಇಳಿಜಾರನ್ನು ಹಾಗೆಯೇ ಉಳಿಸುವುದಕ್ಕೆ ಹೆಚ್ಚುವರಿ ಹಣ ಬೇಕಾಗಿಲ್ಲ, ಮಣ್ಣಿನ ಕೆಲಸ ಕಡಿಮೆಯಾಗಿ ಉಳಿತಾಯವೇ ಆಗುತ್ತದೆ. ಹೊರೆ ಹೊತ್ತವರು ದಾಟುವಷ್ಟು ಅಗಲದ ಒಂದು ಗೇಟನ್ನು ಬೆಳಗಿನ ಜಾವ ತೆರೆಯುವುದಕ್ಕೆ ಕಾವಲುಗಾರನಿಗೆ ಒಂದು ಸುತ್ತೋಲೆ ಸಾಕು.